ಕ್ಯಾಲ್ಕುಲೇಟರ್ ಮಾರಿ ಬದುಕುವವರು

ಫೋನ್ ಕೊಂಡರೆ ಕ್ಯಾಲ್ಕುಲೇಟರ್ ಜೊತೆಗೇ ಬರುತ್ತದೆ, ಪುಕ್ಕಟೆ. ಹಾಲಿನವನ ಲೆಕ್ಕ, ಚೀಟಿಯ ಲೆಕ್ಕ, ಹೋಟೆಲ್ ಬಿಲ್ಲನ್ನು ನಾಲ್ವರು ಹಂಚಿಕೊಳ್ಳುವ ಲೆಕ್ಕ, ಎಲ್ಲಕ್ಕೂ ಅದೇ ಸಾಕು. ಹೀಗಿರುವಾಗ ಎಂಜಿನಿಯರ್ ಒಬ್ಬ ಕೆಲಸ ಬಿಟ್ಟು ಬಂದು, ‘ನಾನೊಂದು ಕ್ಯಾಲ್ಕುಲೇಟರ್ ಬರೆದಿದ್ದೇನೆ, ಬೆಲೆ ಹತ್ತು ಡಾಲರ್, ಇನ್ನು ಮೇಲೆ ಇದೇ ನನ್ನ ಕಸುಬು’ ಎಂದರೆ ಮನೆಯವರು ಮೊದಲು ಜಾತಕ ತೋರಿಸಿಕೊಂಡು ಬಂದಾರು.

ಸ್ಕಾಟ್ಲೆಂಡಿನ ಗ್ಲಾಸ್ಗೋದ ಜೇಮ್ಸ್ ಥಾಮ್ಸನ್ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಅವರ ‘ಪಿಕ್ಯಾಲ್ಕ್’ ಮೊದಲು ಹೊರಬಂದದ್ದು 1992ರ ಡಿಸೆಂಬರ್ 23ರಂದು, ಆ್ಯಪಲ್‌ನ ಮ್ಯಾಕ್ ಕಂಪ್ಯೂಟರಿಗಾಗಿ. 2008ರಲ್ಲಿ ಐಫೋನಿನ ಆ್ಯಪ್ ಸ್ಟೋರ್ ಬಾಗಿಲು ತೆರೆದ ದಿನವೇ ಅದು ಅಲ್ಲಿತ್ತು. ಈಗಲೂ ಇದೆ. ನಡುವೆ ಕೆಲವು ವರ್ಷ ಥಾಮ್ಸನ್ ಆ್ಯಪಲ್‌ನಲ್ಲೇ, ಐರ್ಲೆಂಡಿನ ಕಾರ್ಕ್ ಕಚೇರಿಯಲ್ಲಿ, ನೌಕರಿ ಮಾಡಿದರು. ಮ್ಯಾಕ್ ಪರದೆಯ ಅಡಿಯಲ್ಲಿ ಐಕಾನುಗಳನ್ನು ಸಾಲಾಗಿ ನಿಲ್ಲಿಸುವ ‘ಡಾಕ್’ ಇದೆಯಲ್ಲ, ಅದರ ಮೊದಲ ರೂಪಕ್ಕೆ ಕೋಡ್ ಬರೆದದ್ದು ಅವರೇ. ಕ್ಯಾಲಿಫೋರ್ನಿಯಾಕ್ಕೆ ಬಂದು ಕೂರಬೇಕೆಂಬ ಒತ್ತಾಯ ಬಂದಾಗ ರಾಜೀನಾಮೆ ಕೊಟ್ಟು, ತಮ್ಮದೇ ಸಣ್ಣ ಕಂಪನಿಗೆ ಮರಳಿದರು.

ಪಿಕ್ಯಾಲ್ಕ್ ಕೊಳ್ಳುವವರು ಹಾಲಿನ ಲೆಕ್ಕದವರಲ್ಲ. ದಿನಕ್ಕೆ ಹತ್ತು ಸಲ ಸಂಖ್ಯೆಗಳನ್ನು ಬೈನರಿಗೆ, ಹೆಕ್ಸಾಡೆಸಿಮಲ್‌ಗೆ ತಿರುಗಿಸಬೇಕಾದ ಪ್ರೋಗ್ರಾಮರುಗಳು. ಮೊದಲು ಎರಡು ಅಂಕಿ ಒತ್ತಿ ಆಮೇಲೆ ಕೂಡು ಚಿಹ್ನೆ ಒತ್ತುವ ಹಳೆಯ ಎಚ್‌ಪಿ ಯಂತ್ರದ ಕ್ರಮ ಬೆರಳಿಗೆ ಅಂಟಿಹೋದ ಎಂಜಿನಿಯರುಗಳು. ಗುಂಡಿಗಳ ಜಾಗವನ್ನೂ ತಮಗೆ ಬೇಕಾದ ಹಾಗೆ ಬದಲಿಸಿಕೊಳ್ಳದೆ ಸಮಾಧಾನವಿಲ್ಲದವರು. ಲೋಕದಲ್ಲಿ ಇಂಥವರು ಊಟದೆಲೆಯ ಉಪ್ಪಿನಕಾಯಿಯಷ್ಟು. ಆದರೆ ಒಂದು ಮನೆ ನಡೆಯಲು ಲೋಕವೆಲ್ಲ ಗಿರಾಕಿಯಾಗಬೇಕಿಲ್ಲ.

ಒಬ್ಬರೇ ಕೂತು ಆ್ಯಪ್ ಬರೆದು ಬದುಕುವ ಕಸುಬಿನ ಬಗ್ಗೆ ಹೆಚ್ಚಾಗಿ ಕಿವಿಗೆ ಬೀಳುವುದು ರಾತ್ರೋರಾತ್ರಿ ಕೋಟ್ಯಧೀಶರಾದವರ ಕಥೆ. ಹತ್ತಾರು ವರ್ಷ ಬಾಳಿ ತೋರಿಸಿದವರ ಖಾತೆ ಪುಸ್ತಕ ಬಿಡಿಸಿದರೆ ಬೇರೆಯೇ ಕಾಣುತ್ತದೆ. ಅದು ಅಡಿಕೆ ತೋಟದವರ ಲೆಕ್ಕಕ್ಕೆ ಹತ್ತಿರ: ಗಿಡ ನೆಟ್ಟಿದ್ದು ಒಂದು ಸಲ, ಗೊಬ್ಬರ, ಔಷಧಿ, ಬೇಲಿ ಪ್ರತಿ ವರ್ಷ.

ಚಿನ್ನದ ಗಣಿಯ ದಿನಗಳು

ಆ್ಯಪ್ ಸ್ಟೋರ್ ಶುರುವಾದದ್ದು 2008ರ ಜುಲೈ 10ರಂದು, 500 ಆ್ಯಪ್‌ಗಳೊಂದಿಗೆ. ಐನೂರೇ! ಅಷ್ಟು ಸಣ್ಣ ಸಂತೆಯಲ್ಲಿ ಗೋಣಿ ಹಾಸಿ ಕೂತವರ ಕಡೆಗೆ ಎಲ್ಲರ ಕಣ್ಣೂ ಬೀಳುತ್ತಿತ್ತು. ಸ್ಟೀವ್ ಡಿಮೀಟರ್ ಎಂಬವರ ‘ಟ್ರಿಸಂ’ ಎಂಬ ಬಣ್ಣ ಜೋಡಿಸುವ ಆಟ ಎರಡೇ ತಿಂಗಳಲ್ಲಿ ಎರಡೂವರೆ ಲಕ್ಷ ಡಾಲರ್ ತಂದಿತು. ಸನ್ ಮೈಕ್ರೋಸಿಸ್ಟಮ್ಸ್‌ನ ಎಂಜಿನಿಯರ್ ಈಥನ್ ನಿಕೊಲಸ್ ಬಿಡುವಿನ ಹೊತ್ತಿನಲ್ಲಿ ಬರೆದ ‘ಐಶೂಟ್’ ಎಂಬ ಟ್ಯಾಂಕ್ ಕಾಳಗದ ಆಟ 2009ರ ಜನವರಿಯಲ್ಲಿ ಪಟ್ಟಿಯ ತುದಿಗೇರಿತು. ಅವರು ಕೆಲಸ ಬಿಟ್ಟರು. ಅದು ತುದಿಗೇರಿದ್ದು ‘ಲೈಟ್’ ಎಂಬ ಉಚಿತ ಆವೃತ್ತಿ ಬಿಟ್ಟ ಮೇಲೆ. ರುಚಿಗೆ ಒಂದು ತುಣುಕು ಕೊಟ್ಟು ಆಮೇಲೆ ಸೇರುಗಟ್ಟಲೆ ಮಾರುವ ಮಿಠಾಯಿ ಅಂಗಡಿಯ ಬುದ್ಧಿ ಅದು. ಪತ್ರಿಕೆಗಳು ಅದನ್ನು ಬಿಟ್ಟು ರಾಜೀನಾಮೆಯ ಕಥೆಯನ್ನು ಮಾತ್ರ ಹರಡಿದವು.

ಇಂಥ ಕಥೆಗಳ ತುತ್ತತುದಿ ‘ಫ್ಲಾಪಿ ಬರ್ಡ್’. ವಿಯೆಟ್ನಾಂನ ಹನೋಯಿಯ ಡಾಂಗ್ ನುಯೆನ್ 2013ರ ಮೇ ತಿಂಗಳಲ್ಲಿ ಬಿಟ್ಟ ಈ ಪುಟ್ಟ ಆಟವನ್ನು ಎಂಟು ತಿಂಗಳು ಯಾರೂ ಮೂಸಲಿಲ್ಲ. 2014ರ ಜನವರಿಯಲ್ಲಿ ಲೋಕಕ್ಕೆಲ್ಲ ಅದರ ಹುಚ್ಚು ಹಿಡಿಯಿತು. ಜಾಹೀರಾತಿನಿಂದ ದಿನಕ್ಕೆ 50,000 ಡಾಲರ್ ಬರುತ್ತಿದೆ ಎಂದು ವರದಿಯಾಯಿತು. ಫೆಬ್ರುವರಿಯ ಎರಡನೇ ವಾರ ನುಯೆನ್ ಅದನ್ನು ತಾವೇ ಕಿತ್ತು ಹಾಕಿದರು. ಈ ಗದ್ದಲ ಸಹಿಸಲಾಗುತ್ತಿಲ್ಲ ಎಂದರು. ಎಂಟು ತಿಂಗಳ ಮೌನಕ್ಕೂ ಆಮೇಲಿನ ಸುಗ್ಗಿಗೂ ಅವರ ಕೈಯಲ್ಲಿ ಯಾವ ಕಾರಣವೂ ಇರಲಿಲ್ಲ. ಕಾರಣವಿಲ್ಲದೆ ಬಂದದ್ದನ್ನು ಮತ್ತೆ ಬರಿಸುವುದು ಹೇಗೆ?

ಅದೇ 2014ರ ಜುಲೈಯಲ್ಲಿ ಅಮೆರಿಕದ ಡೆವಲಪರ್ ಜೇರೆಡ್ ಸಿಂಕ್ಲೇರ್ ತಮ್ಮ ‘ಅನ್‌ರೆಡ್’ ಎಂಬ ಓದುವ ಆ್ಯಪ್‌ನ ಮೊದಲ ವರ್ಷದ ಜಮಾಖರ್ಚನ್ನು ಬಹಿರಂಗ ಮಾಡಿದರು. ಚಂದದ ಆ್ಯಪ್, ವಿಮರ್ಶಕರು ಬಾಯಿತುಂಬ ಹೊಗಳಿದ್ದರು. ಐಫೋನ್ ಆವೃತ್ತಿಯಿಂದ 32,000 ಡಾಲರ್, ಐಪ್ಯಾಡ್ ಆವೃತ್ತಿಯಿಂದ 10,000. ಸ್ವಯಂ ಉದ್ಯೋಗಿಯ ತೆರಿಗೆ, ಆರೋಗ್ಯ ವಿಮೆಯ ಕಂತು ಕಳೆದರೆ ಕೈಗೆ ಉಳಿದದ್ದು 21,000, ಅಂದರೆ ತಿಂಗಳಿಗೆ 1,750 ಡಾಲರ್. ಅಮೆರಿಕದಲ್ಲಿ ಆ ಹಣದಲ್ಲಿ ಸಂಸಾರ ಮಾಡುವುದು ಕಷ್ಟ. ಕೆಲವೇ ವಾರಗಳಲ್ಲಿ ಅವರು ಆ್ಯಪನ್ನು ಬೇರೆಯವರಿಗೆ ಮಾರಿದರು. ಫ್ಲಾಪಿ ಬರ್ಡ್ ಹೆಸರು ಕೇಳದವರಿಲ್ಲ, ಅನ್‌ರೆಡ್ ಹೆಸರು ಕೇಳಿದವರಿಲ್ಲ. ಈ ಕಸುಬಿಗೆ ಇಳಿಯುವವರು ಗೋಡೆಗೆ ಅಂಟಿಸಿಕೊಳ್ಳಬೇಕಾದ ಲೆಕ್ಕವಂತೂ ಎರಡನೆಯದು.

ಅದಕ್ಕಿಂತ ಗಡುಸಾದ ಲೆಕ್ಕವೂ ಇದೆ. ಚಂದಾ ವಸೂಲಿಯ ತಂತ್ರಾಂಶ ಒದಗಿಸುವ ರೆವೆನ್ಯೂಕ್ಯಾಟ್ ಕಂಪನಿ 2024ರಲ್ಲಿ 29,000ಕ್ಕೂ ಹೆಚ್ಚು ಆ್ಯಪ್‌ಗಳ ವಹಿವಾಟು ನೋಡಿ ಹೇಳಿದ್ದು: ತಿಂಗಳಿಗೆ 1,000 ಡಾಲರ್ ಮುಟ್ಟುವ ಆ್ಯಪ್‌ಗಳು ಶೇ 17.2; 10,000 ಮುಟ್ಟುವವು ಶೇ 3.5. ಸಾಲಿನ ನಡುಮಧ್ಯದಲ್ಲಿ ನಿಂತ ಆ್ಯಪ್‌ಗೆ ಒಂದು ವರ್ಷವಾದ ಮೇಲೂ ತಿಂಗಳಿಗೆ 50 ಡಾಲರ್ ಹುಟ್ಟುವುದಿಲ್ಲ.

ಏಳುನೂರ ಆರು ಜನ

ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಮನೆಯಲ್ಲೇ ಕೂತು ದುಡಿಯುವ ಒಬ್ಬರಿಗೆ ತಿಂಗಳಿಗೆ 60,000 ರೂಪಾಯಿ ಬೇಕು ಎಂದಿಟ್ಟುಕೊಳ್ಳೋಣ. ಆ್ಯಪ್‌ಗೆ ತಿಂಗಳ ಚಂದಾ 100 ರೂಪಾಯಿ. ಅಂಗಡಿಯವನ ಕಮಿಷನ್ ಶೇ 15 ಹೋದರೆ ಕೈಗೆ 85. ತೆರಿಗೆಯ ಮಾತು ಪಕ್ಕಕ್ಕಿಟ್ಟರೂ 706 ಚಂದಾದಾರರು ಬೇಕು. ಬಳಸುವ ನೂರು ಮಂದಿಯಲ್ಲಿ ಇಬ್ಬರು ದುಡ್ಡು ಬಿಚ್ಚುತ್ತಾರೆ ಎಂದುಕೊಂಡರೆ, 35,300 ಮಂದಿ ಆ್ಯಪನ್ನು ನಿಜಕ್ಕೂ ಬಳಸುತ್ತಿರಬೇಕು. ಇಳಿಸಿಕೊಂಡು ಮರೆತವರು ಲೆಕ್ಕಕ್ಕಿಲ್ಲ. ಚಂದಾ ಬೇಡ, ಒಂದೇ ಸಲ 300 ರೂಪಾಯಿಗೆ ಮಾರೋಣ ಎಂದರೆ ಕೈಗೆ 255. ಆಗ ತಿಂಗಳಿಗೆ 236 ಹೊಸ ಗಿರಾಕಿಗಳು, ದಿನಕ್ಕೆ ಎಂಟು. ಈ ತಿಂಗಳು ಕೊಂಡವರು ಮುಂದಿನ ತಿಂಗಳು ಕೊಳ್ಳುವುದಿಲ್ಲ; ಒಂದನೇ ತಾರೀಕು ಮತ್ತೆ ಸೊನ್ನೆಯಿಂದ ಶುರು.

ಈ ಕಾರಣಕ್ಕೇ ಒಂದರ ಹಿಂದೊಂದು ಆ್ಯಪ್ ಚಂದಾ ಪದ್ಧತಿಗೆ ಬಂದದ್ದು. ಬಳಸುವವರಿಗೆ ಅದು ಕಿರಿಕಿರಿ, ನಿಜ. ‘ಒಂದು ಟಾರ್ಚಿಗೂ ತಿಂಗಳ ಬಾಡಿಗೆಯೇ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬ್ರಯನ್ ಮುಲ್ಲರ್ ಒಬ್ಬರೇ ಕಟ್ಟಿದ ‘ಕ್ಯಾರಟ್ ವೆದರ್’ ನೋಡಿ. ಬಳಸುವವರನ್ನು ಹಂಗಿಸುತ್ತಲೇ ಮಳೆ ಬಿಸಿಲು ಹೇಳುವ ತರಲೆ ರೋಬಾಟ್ ಅದು. 2021ರಲ್ಲಿ ಆ್ಯಪಲ್‌ನ ವಿನ್ಯಾಸ ಪ್ರಶಸ್ತಿ ಪಡೆಯಿತು. ಹವಾಮಾನದ ಮಾಹಿತಿಯನ್ನು ಅವರು ಬೇರೆ ಕಂಪನಿಗಳಿಂದ ಕೊಳ್ಳಬೇಕು. ಗಿರಾಕಿ ಒಂದು ಸಲ ದುಡ್ಡು ಕೊಟ್ಟು ಐದು ವರ್ಷ ದಿನವೂ ಮಳೆ ಕೇಳಿದರೆ, ಕೇಳಿದಷ್ಟು ಸಲವೂ ಖರ್ಚು ಅವರದ್ದು. ಅಲ್ಲಿ ಚಂದಾಕ್ಕೆ ಅರ್ಥವಿದೆ. ಟಾರ್ಚಿಗಿಲ್ಲ.

ಭಾರತದಲ್ಲಿ ಚಂದಾ ವಸೂಲಿಗೆ ಇನ್ನೊಂದು ತಿರುವು ಬಂತು. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಹಣ ಕತ್ತರಿಸುವುದಕ್ಕೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ಹೊಸ ನಿಯಮ ತಂದಿತು: ಮೊದಲೇ ಒಪ್ಪಿಗೆ ಪಡೆಯಬೇಕು, ಕತ್ತರಿಸುವ 24 ಗಂಟೆ ಮುಂಚೆ ತಿಳಿಸಬೇಕು. ಗ್ರಾಹಕರ ಮಟ್ಟಿಗೆ ಒಳ್ಳೆಯ ನಿಯಮವೇ. ಆದರೆ ಬ್ಯಾಂಕು, ಕಾರ್ಡು, ಅಂಗಡಿ ಮೂರೂ ಅದಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಎಷ್ಟೋ ಚಂದಾಗಳು ಕಡಿದುಹೋದವು. 2022ರಲ್ಲಿ ಆ್ಯಪಲ್ ಭಾರತದ ಕಾರ್ಡುಗಳನ್ನು ತನ್ನ ಅಂಗಡಿಯಲ್ಲಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಅದೇ ವರ್ಷದ ನವೆಂಬರಿನಲ್ಲಿ ಗೂಗಲ್ ಪ್ಲೇ ಯುಪಿಐ ಆಟೊಪೇ ಸೇರಿಸಿದ ಮೇಲೆ ಸಣ್ಣವರು ಸ್ವಲ್ಪ ಉಸಿರಾಡಿದರು. ಅಷ್ಟಾದರೂ ‘ನಾಳೆ ನಿಮ್ಮ ಖಾತೆಯಿಂದ 100 ರೂಪಾಯಿ ಕಡಿತವಾಗಲಿದೆ’ ಎಂಬ ಸಂದೇಶ ಕಂಡೊಡನೆ, ಅಯ್ಯೋ ಇದೊಂದು ಇತ್ತಲ್ಲ ಎಂದು ನೆನಪಾಗಿ ರದ್ದು ಮಾಡುವವರು ಇದ್ದೇ ಇರುತ್ತಾರೆ. ತಿಂಗಳಿಗೊಮ್ಮೆ ಗಿರಾಕಿಯನ್ನು ಹೊಸದಾಗಿ ಒಪ್ಪಿಸಬೇಕಾದ ವ್ಯಾಪಾರ ಇದು.

ಸಂತೆ ಇನ್ನೊಬ್ಬರದ್ದು

ಸ್ವತಂತ್ರ ಡೆವಲಪರ್ ಎಂಬ ಮಾತಿನಲ್ಲಿ ‘ಸ್ವತಂತ್ರ’ ಎಂಬುದನ್ನು ಪೂರ್ತಿ ನಂಬಬಾರದು. ಮೇಲೆ ಬಾಸ್ ಇಲ್ಲ. ಆದರೆ ಸಂತೆಮಾಳದ ಗುತ್ತಿಗೆ ಎರಡೇ ಕಂಪನಿಗಳ ಕೈಯಲ್ಲಿದೆ. ಒಳಗೆ ಕಾಲಿಡಲು ಗೂಗಲ್‌ಗೆ ಒಂದು ಸಲ 25 ಡಾಲರ್, ಆ್ಯಪಲ್‌ಗೆ ವರ್ಷ ವರ್ಷವೂ 99 ಡಾಲರ್. ಮಾರಿದ್ದರಲ್ಲಿ ಸುಂಕ ಬಹುಕಾಲ ಶೇ 30 ಇತ್ತು. ವರ್ಷಕ್ಕೆ ಹತ್ತು ಲಕ್ಷ ಡಾಲರ್ ಒಳಗೆ ಗಳಿಸುವ ಸಣ್ಣವರಿಗೆ ಆ್ಯಪಲ್ 2021ರ ಜನವರಿಯಿಂದ ಅದನ್ನು ಶೇ 15ಕ್ಕೆ ಇಳಿಸಿತು. ಗೂಗಲ್ ಆ ವರ್ಷದ ಜುಲೈಯಿಂದ ಮೊದಲ ಹತ್ತು ಲಕ್ಷ ಡಾಲರಿಗೆ ಅಷ್ಟೇ ಸುಂಕ ಎಂದಿತು. ಔದಾರ್ಯಕ್ಕಿಂತ ಕೋರ್ಟು ಕಚೇರಿಗಳ ಒತ್ತಡ ಇದರ ಹಿಂದಿತ್ತು ಎಂದುಕೊಳ್ಳಲು ಸಾಕಷ್ಟು ಕಾರಣವಿದೆ. ಭಾರತದಲ್ಲೇ 2022ರ ಅಕ್ಟೋಬರಿನಲ್ಲಿ ಸ್ಪರ್ಧಾ ಆಯೋಗ ಪ್ಲೇ ಸ್ಟೋರಿನ ಹಣ ಪಾವತಿ ನಿಯಮಗಳಿಗಾಗಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿಯಲ್ಲಿ ಅದು ಬಹಳಷ್ಟು ಇಳಿಯಿತು.

ಸುಂಕಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ನಿಯಮಗಳು. ಆಂಡ್ರಾಯ್ಡ್ ಪ್ರತಿ ವರ್ಷ ಹೊಸ ಆವೃತ್ತಿಗೆ ಬಡ್ತಿ ಪಡೆಯುತ್ತದೆ. ಅದಕ್ಕೆ ತಕ್ಕಂತೆ ಆ್ಯಪ್‌ಗಳನ್ನೂ ತಿದ್ದಬೇಕು. ಸಾಮಾನ್ಯವಾಗಿ ಆಗಸ್ಟ್ 31 ಗಡುವು. ತಿದ್ದದಿದ್ದರೆ ಹೊಸ ಫೋನ್ ಕೊಂಡವರ ಕಣ್ಣಿಗೆ ಆ ಆ್ಯಪ್ ಬೀಳುವುದೇ ಇಲ್ಲ. ಮಲೆನಾಡಿನಲ್ಲಿ ಮಳೆ ಹಿಡಿಯುವ ಮುಂಚೆ ಅಡಿಕೆಗೆ ಬೋರ್ಡೊ ದ್ರಾವಣ ಹೊಡೆಸಿದ ಹಾಗೆ. ಅದರಿಂದ ಒಂದು ಗೊನೆಯೂ ಹೆಚ್ಚು ಬಿಡುವುದಿಲ್ಲ. ಹೊಡೆಸದಿದ್ದರೆ ಕೊಳೆರೋಗದಲ್ಲಿ ಇದ್ದದ್ದೂ ಉದುರುತ್ತದೆ.

ಹೊಸಬರಿಗೆ ಕಾದಿರುವ ಪರೀಕ್ಷೆ ಇನ್ನೂ ಮಜವಾಗಿದೆ. 2023ರ ನವೆಂಬರ್ 13ರ ನಂತರ ಪ್ಲೇ ಸ್ಟೋರಿನಲ್ಲಿ ವೈಯಕ್ತಿಕ ಖಾತೆ ತೆರೆದವರು ಆ್ಯಪ್ ಬಿಡುಗಡೆ ಮಾಡುವ ಮುಂಚೆ 20 ಮಂದಿಯಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕು ಎಂದು ಗೂಗಲ್ ಕಟ್ಟಳೆ ಹಾಕಿತು. ಮರುವರ್ಷ ಸಂಖ್ಯೆಯನ್ನು 12ಕ್ಕೆ ಇಳಿಸಿತು. ಕಂಪನಿಯಲ್ಲಿ ಕೂತವರಿಗೆ ಹನ್ನೆರಡು ಮಂದಿ ಎಂದರೆ ಒಂದು ಮೇಜು. ಮನೆಯಲ್ಲಿ ಕೂತವರಿಗೆ ಅದು ನೆಂಟರ ಪಟ್ಟಿ. ತಂಗಿ, ಭಾವ, ಹಳೆಯ ರೂಮ್‌ಮೇಟ್, ಮಾವನ ಮಗ, ಹೀಗೆ ಒಂಬತ್ತಕ್ಕೆ ಬಂದು ನಿಲ್ಲುತ್ತದೆ. ಹತ್ತನೆಯವರು ಚಿಕ್ಕಮ್ಮ. ‘ಚಿಕ್ಕಮ್ಮ, ಲಿಂಕ್ ಒತ್ತಿ ಸೇರ್ಕೊಂಡುಬಿಡಿ. ಹದಿನಾಲ್ಕು ದಿನ ಮಾತ್ರ ದಯವಿಟ್ಟು ತೆಗೀಬೇಡಿ.’ ‘ಆಯ್ತಪ್ಪ, ಇದ್ರಲ್ಲಿ ನಾನೇನು ನೋಡ್ಬೇಕು?’ ‘ಏನೂ ಬೇಡ, ಅದು ಸುಮ್ನೆ ಇರ್ಲಿ.’ ಹನ್ನೊಂದನೇ ದಿನ ಚಿಕ್ಕಮ್ಮನ ಫೋನಿನಲ್ಲಿ ಜಾಗ ತುಂಬಿತೋ, ಮೊಮ್ಮಗ ಆಟಕ್ಕೆ ಜಾಗ ಮಾಡಿಕೊಂಡನೋ, ಆ್ಯಪ್ ಮಾಯ. ಕಸದಂಥ ಆ್ಯಪ್‌ಗಳು ಸಂತೆಗೆ ನುಗ್ಗದಿರಲಿ ಎಂಬುದು ಕಟ್ಟಳೆಯ ಉದ್ದೇಶ, ಒಪ್ಪಬೇಕಾದದ್ದೇ. ಆ್ಯಪ್‌ಫಿಗರ್ಸ್ ಸಂಸ್ಥೆಯ ಲೆಕ್ಕದಲ್ಲಿ 2024ರ ಆರಂಭಕ್ಕೆ ಪ್ಲೇ ಸ್ಟೋರಿನಲ್ಲಿ ಸುಮಾರು 34 ಲಕ್ಷ ಆ್ಯಪ್‌ಗಳಿದ್ದವು. 2025ರ ಏಪ್ರಿಲ್ ಹೊತ್ತಿಗೆ ಸುಮಾರು 18 ಲಕ್ಷ ಉಳಿದಿದ್ದವು. ಗುಡಿಸಿ ಹಾಕಿದ್ದರಲ್ಲಿ ಕಸವೆಷ್ಟು, ಸುಸ್ತಾಗಿ ಗಡುವು ತಪ್ಪಿಸಿದವರ ಒಳ್ಳೆಯ ಆ್ಯಪ್‌ಗಳೆಷ್ಟು, ಬೇರ್ಪಡಿಸುವುದು ಕಷ್ಟ.

ನಿಂತ ನೆಲವೇ ಜಾರಿಹೋಗುವುದೂ ಉಂಟು. ಕೆನಡಾದ ಕ್ರಿಶ್ಚಿಯನ್ ಸೆಲಿಗ್ 2017ರಲ್ಲಿ ಬಿಟ್ಟ ‘ಅಪೊಲೊ’ ರೆಡ್ಡಿಟ್ ಜಾಲತಾಣವನ್ನು ಓದಲು ಬಲು ಸೊಗಸಾದ ಆ್ಯಪ್. ಲಕ್ಷಾಂತರ ಮಂದಿ ಅದಿಲ್ಲದೆ ರೆಡ್ಡಿಟ್ ತೆರೆಯುತ್ತಿರಲಿಲ್ಲ. 2023ರಲ್ಲಿ ರೆಡ್ಡಿಟ್ ಹೊರಗಿನ ಆ್ಯಪ್‌ಗಳಿಗೆ ದರಪಟ್ಟಿ ಕೊಟ್ಟಿತು: 5 ಕೋಟಿ ಕೋರಿಕೆಗೆ 12,000 ಡಾಲರ್. ಅಪೊಲೊದಿಂದ ತಿಂಗಳಿಗೆ ಸುಮಾರು 700 ಕೋಟಿ ಕೋರಿಕೆಗಳು ಹೋಗುತ್ತಿದ್ದವು. ವರ್ಷದ ಬಿಲ್ಲು ಸುಮಾರು 2 ಕೋಟಿ ಡಾಲರ್! ಆ ವರ್ಷ ಜೂನ್ 30ರಂದು ಅಪೊಲೊ ಮುಚ್ಚಿತು. ವರ್ಷದ ಚಂದಾ ಕಟ್ಟಿದ್ದವರಿಗೆ ಉಳಿದ ಹಣ ವಾಪಸು ಮಾಡಬೇಕಿತ್ತು. ಅದೇ ಎರಡೂವರೆ ಲಕ್ಷ ಡಾಲರ್ ಎಂದು ಸೆಲಿಗ್ ಹೇಳಿದ್ದರು. ಹಾಗಾಗಿ ಕೊನೆಯ ಆವೃತ್ತಿಯಲ್ಲಿ ಅವರು ಒಂದು ಗುಂಡಿ ಇಟ್ಟರು: ‘ನನಗೆ ಹಣ ವಾಪಸು ಬೇಡ’. ಅದೇ ವರ್ಷದ ಜನವರಿಯಲ್ಲಿ ಟ್ವಿಟರ್ ಒಂದು ಮಾತೂ ಹೇಳದೆ ಹೊರಗಿನ ಆ್ಯಪ್‌ಗಳ ಕೊಂಡಿ ಕತ್ತರಿಸಿದಾಗ ‘ಟ್ವೀಟ್‌ಬಾಟ್’ ಮತ್ತು ‘ಟ್ವಿಟರಿಫಿಕ್’ ಬರೆದ ಸಣ್ಣ ತಂಡಗಳಿಗೂ ಇದೇ ಗತಿ, ಇದೇ ಗುಂಡಿ.

ಥಾಮ್ಸನ್ ಕೂಡ ಇದರಿಂದ ತಪ್ಪಿಸಿಕೊಂಡವರಲ್ಲ. ಅವರದ್ದೇ ‘ಡ್ರ್ಯಾಗ್‌ಥಿಂಗ್’ ಎಂಬ ಇನ್ನೊಂದು ತಂತ್ರಾಂಶ 1995ರಿಂದ ನಡೆದಿತ್ತು. ಮ್ಯಾಕ್ ತನ್ನ ಹಳೆಯ 32 ಬಿಟ್ ಅಡಿಪಾಯವನ್ನು 2019ರಲ್ಲಿ ಪೂರ್ತಿ ಕಿತ್ತಾಗ, ಹೊಸದಾಗಿ ಬರೆಯುವ ಖರ್ಚು ಗಿಟ್ಟುವುದಿಲ್ಲ ಎಂದು ಅದನ್ನು ಮಲಗಿಸಿದರು. ಇಪ್ಪತ್ತನಾಲ್ಕು ವರ್ಷ ಬಾಳಿದ ತಂತ್ರಾಂಶ. ಎರಡನೇ ಗಿಡ ಇಲ್ಲದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಉಳಿದವರ ದಾರಿ

ಎರಡನೇ ಗಿಡದ ಮಾತಿಗೆ ಡೇವಿಡ್ ಸ್ಮಿತ್‌ಗಿಂತ ಒಳ್ಳೆಯ ಸಾಕ್ಷಿ ಸಿಗದು. 2020ರ ಸೆಪ್ಟೆಂಬರಿನಲ್ಲಿ ಐಫೋನಿನ ಮುಖಪುಟದ ಮೇಲೆ ವಿಜೆಟ್ ಕೂರಿಸುವ ಸವಲತ್ತು ಬಂತು. ಆ ವಿಜೆಟ್‌ಗಳ ಬಣ್ಣ, ಅಕ್ಷರ, ಚಿತ್ರಗಳನ್ನು ಬೇಕಾದ ಹಾಗೆ ಬದಲಿಸಲು ಸ್ಮಿತ್ ‘ವಿಜೆಟ್‌ಸ್ಮಿತ್’ ಬಿಟ್ಟರು. ಟಿಕ್‌ಟಾಕ್‌ನ ಹುಡುಗ ಹುಡುಗಿಯರು ಫೋನ್ ಸಿಂಗರಿಸಿ ತೋರಿಸಲು ಹಿಡಿದರು. ಕೆಲವೇ ದಿನಗಳಲ್ಲಿ ಅದು ಪಟ್ಟಿಯ ಮೊದಲ ಸ್ಥಾನಕ್ಕೇರಿತು. ದಿಢೀರ್ ಗೆಲುವಿನ ಹಾಗೆ ಕಂಡದ್ದು ಅಷ್ಟು ಮಾತ್ರ. ಅದಕ್ಕೆ ಮುಂಚಿನ ಹನ್ನೆರಡು ವರ್ಷಗಳಲ್ಲಿ ಅವರು ಐವತ್ತಕ್ಕೂ ಹೆಚ್ಚು ಆ್ಯಪ್ ಬರೆದಿದ್ದರು. ಬಹಳಷ್ಟು ಸತ್ತವು. 2013ರಲ್ಲಿ ಬರೆದ ‘ಪೆಡೊಮೀಟರ್ ಪ್ಲಸ್ ಪ್ಲಸ್’ ಎಂಬ ಹೆಜ್ಜೆ ಎಣಿಸುವ ಆ್ಯಪ್‌ನಂಥ ಕೆಲವು ಬದುಕಿ ಸಂಸಾರ ನಡೆಸಿದವು. ಒಂದೊಂದನ್ನೂ ಸಣ್ಣದಾಗಿ, ಬೇಗ, ಸಾಲವಿಲ್ಲದೆ ಬರೆಯುವುದು ಅವರ ಕ್ರಮ. ಸೋತರೆ ಹೋದದ್ದು ಕೆಲವು ವಾರ. ಅದೃಷ್ಟ ಬಾಗಿಲು ತಟ್ಟಿದ ದಿನ ಅವರು ಮನೆಯಲ್ಲೇ ಇದ್ದರು, ಅದೂ ಹನ್ನೆರಡು ವರ್ಷದಿಂದ.

ಮಾರ್ಕೊ ಆರ್ಮೆಂಟ್ ಅವರ ‘ಓವರ್‌ಕಾಸ್ಟ್’ ಎಂಬ ಪಾಡ್‌ಕಾಸ್ಟ್ ಆ್ಯಪ್ ಬೇರೆ ಪಾಠ ಹೇಳುತ್ತದೆ. 2014ರಲ್ಲಿ ಬಂದಾಗ ಆ್ಯಪ್ ಉಚಿತ, ಪೂರ್ತಿ ಸವಲತ್ತಿಗೆ ಒಂದು ಸಲ ದುಡ್ಡು. ಮರುವರ್ಷ ಎಲ್ಲವೂ ಉಚಿತ, ಮನಸ್ಸಿದ್ದವರು ಕಾಣಿಕೆ ಕೊಡಿ ಎಂದರು. 2016ರಲ್ಲಿ ಜಾಹೀರಾತು, ಅದು ಬೇಡದವರಿಗೆ ಚಂದಾ. ಆಮೇಲೆ ಹೊರಗಿನ ಜಾಹೀರಾತು ತೆಗೆದು, ಪಾಡ್‌ಕಾಸ್ಟ್‌ಗಳದ್ದೇ ಜಾಹೀರಾತನ್ನು ತಾವೇ ಮಾರತೊಡಗಿದರು. ಬೆಲೆ ಹಚ್ಚುವ ವಿದ್ಯೆ ಯಾರಿಗೂ ಮೊದಲ ಸಲಕ್ಕೇ ಒಲಿಯುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು. ಆದರೆ ಇವರ ಮಾತು ಕೇಳಿ ಧುಮುಕುವವರು ಇನ್ನೊಂದನ್ನೂ ಗಮನಿಸಬೇಕು: ಆರ್ಮೆಂಟ್ ಟಂಬ್ಲರ್ ಜಾಲತಾಣ ಕಟ್ಟುವಾಗ ಅದರ ಪ್ರಮುಖ ಡೆವಲಪರ್ ಆಗಿದ್ದವರು, ಟಂಬ್ಲರನ್ನು ಯಾಹೂ 2013ರಲ್ಲಿ 110 ಕೋಟಿ ಡಾಲರಿಗೆ ಕೊಂಡಿತು. ಬೆನ್ನಿಗೆ ದಿಂಬು ಇದ್ದವರು ಬೆಲೆಯ ಪ್ರಯೋಗ ಮಾಡುವುದಕ್ಕೂ, ಮನೆ ಬಾಡಿಗೆಗೆ ತಡಕಾಡುವವರು ಮಾಡುವುದಕ್ಕೂ ಅಂತರವಿದೆ.

ಹಾಗಾದರೆ ದಿಂಬಿಲ್ಲದವರು? ಅವರಲ್ಲಿ ಉಳಿದುಕೊಂಡವರು ಹಗಲಿನ ಕೆಲಸ ಬಿಡದವರು, ಇಲ್ಲವೇ ವಾರದಲ್ಲಿ ಎರಡು ಮೂರು ದಿನ ಬೇರೆಯವರಿಗೆ ಗುತ್ತಿಗೆಯ ಮೇಲೆ ಕೋಡ್ ಬರೆದುಕೊಟ್ಟು ಮಿಕ್ಕ ದಿನ ತಮ್ಮದನ್ನು ಬೆಳೆಸಿದವರು. ರಾಜಸ್ಥಾನದ ಅಲ್ವರ್‌ನ ಶಾಲಾ ಶಿಕ್ಷಕ ಇಮ್ರಾನ್ ಖಾನ್ ಶಾಲೆಯ ಕೆಲಸದ ಜೊತೆಗೇ ಕೋಡ್ ಕಲಿತು ಮಕ್ಕಳಿಗಾಗಿ ಐವತ್ತಕ್ಕೂ ಹೆಚ್ಚು ಆ್ಯಪ್ ಬರೆದು ಉಚಿತವಾಗಿ ಕೊಟ್ಟರು. 2015ರ ನವೆಂಬರಿನಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಪ್ರಧಾನಿ ಅವರ ಹೆಸರು ಹೇಳಿದ ಮೇಲೆ ದೇಶಕ್ಕೆಲ್ಲ ಗೊತ್ತಾದರು. ಆ್ಯಪ್‌ನಿಂದ ಅವರು ಬದುಕಲಿಲ್ಲ. ಮೇಷ್ಟ್ರ ಸಂಬಳ ಆ್ಯಪ್‌ಗಳನ್ನು ಬದುಕಿಸಿತು.

ಕನ್ನಡಿಗರಿಗೆ ಈ ಕಥೆ ಹೊಸದಲ್ಲ. ಆ್ಯಪ್ ಸ್ಟೋರ್ ಹುಟ್ಟುವುದಕ್ಕೆ ಹತ್ತು ವರ್ಷ ಮುಂಚೆ, 1998ರಲ್ಲಿ, ಶೇಷಾದ್ರಿವಾಸು ಅವರ ‘ಬರಹ’ ಬಂತು. ಇಂಗ್ಲಿಷ್ ಕೀಲಿಗಳ ಮೇಲೆ ಉಚ್ಚಾರಣೆಯಂತೆ ಒತ್ತುತ್ತ ಹೋದರೆ ಪರದೆಯ ಮೇಲೆ ಕನ್ನಡ. ‘ಕನ್ನಡ’ ಎಂಬುದರ ‘ಡ’ ಬರಬೇಕಾದರೆ ಮಾತ್ರ ಶಿಫ್ಟ್ ಹಿಡಿದು ‘ಡಿ’ ಒತ್ತಬೇಕು. ಶಿಫ್ಟ್ ಮರೆತು ‘ಕನ್ನದ’ ಎಂದು ಬರೆದು ನಗೆಪಾಟಲಾದವರ ಒಂದು ತಲೆಮಾರೇ ಇದೆ. ಡಿಟಿಪಿ ಅಂಗಡಿಗಳಿಂದ ಅಮೆರಿಕದ ಕನ್ನಡ ಕೂಟಗಳ ಸ್ಮರಣ ಸಂಚಿಕೆಗಳವರೆಗೆ ಅದು ಹಬ್ಬಿತು. ಹತ್ತಕ್ಕೂ ಹೆಚ್ಚು ವರ್ಷ ಪುಕ್ಕಟೆ. ಆಮೇಲೆ ‘ಬರಹ 10’ರಿಂದ ಪರವಾನಗಿಗೆ ದುಡ್ಡು. ಅಷ್ಟು ಹೊತ್ತಿಗೆ ಸರ್ಕಾರದ ಬೆಂಬಲದ ‘ನುಡಿ’ ಕಾಸಿಲ್ಲದೆ ಸಿಗುತ್ತಿತ್ತು. ಈಗ ಗೂಗಲ್‌ನ ಜಿಬೋರ್ಡ್ ಫೋನಿನಲ್ಲೇ ಕನ್ನಡ ಕೊಡುತ್ತದೆ. ಒಂದು ಭಾಷೆಯ ತುರ್ತು ಅಗತ್ಯವನ್ನು ಮೊದಲು ಕಂಡು ಪೂರೈಸಿದ ಒಬ್ಬ ವ್ಯಕ್ತಿಯ ಎದುರು, ಪುಕ್ಕಟೆ ಕೊಡಬಲ್ಲ ಎರಡು ದೊಡ್ಡ ಶಕ್ತಿಗಳು. ಪುಕ್ಕಟೆಗೆ ಒಗ್ಗಿದ ಗಿರಾಕಿಯಿಂದ ಹತ್ತು ವರ್ಷದ ಮೇಲೆ ದುಡ್ಡು ಕೇಳುವುದಕ್ಕಿಂತ, ಮೊದಲ ದಿನವೇ ಹತ್ತು ರೂಪಾಯಿ ಕೇಳುವುದು ಸುಲಭ.

ಬೆಂಗಳೂರಿನ ‘ವೇರ್ ಈಸ್ ಮೈ ಟ್ರೈನ್’ ಇನ್ನೊಂದು ದಾರಿ ಹಿಡಿಯಿತು. ಟಿವೊ ಕಂಪನಿಯಲ್ಲಿ ಕೆಲಸ ಮಾಡಿದ್ದ ಐವರು ಸೇರಿ ಕಟ್ಟಿದ್ದು. ರಾತ್ರಿ ಎರಡು ಗಂಟೆಗೆ ಎಚ್ಚರಾಗಿ, ಕಿಟಕಿಯಾಚೆ ಕತ್ತಲು, ಇಂಟರ್‌ನೆಟ್ ಇಲ್ಲ, ಅರಸೀಕೆರೆ ದಾಟಿತೋ ಇಲ್ಲವೋ ಎಂಬ ಗಾಬರಿ ರೈಲಿನಲ್ಲಿ ಓಡಾಡುವವರಿಗೆ ಗೊತ್ತು. ಆ ಗಾಬರಿಗೆ ಬರೆದ ಮದ್ದು ಅದು: ವೇಳಾಪಟ್ಟಿಯನ್ನು ಫೋನಿನಲ್ಲೇ ಇಟ್ಟುಕೊಂಡು, ಹತ್ತಿರದ ಮೊಬೈಲ್ ಟವರ್ ಯಾವುದೆಂದು ನೋಡಿ ರೈಲು ಎಲ್ಲಿದೆ ಎಂದು ಹೇಳುತ್ತದೆ. ಬಳಸುವವರಿಂದ ಕಾಸು ಕೇಳದೆ ಕೋಟಿ ಫೋನುಗಳಿಗೆ ಹಬ್ಬಿತು. 2018ರ ಡಿಸೆಂಬರಿನಲ್ಲಿ ಗೂಗಲ್ ಆ ಕಂಪನಿಯನ್ನೇ ಕೊಂಡಿತು. ತೋಟ ಬೆಳೆಸಿ ಮಾರುವುದೂ ಒಂದು ವ್ಯವಹಾರ, ತಪ್ಪೇನಿಲ್ಲ. ಆದರೆ ಕೊಳ್ಳುವವರು ಯಾರು ಎಂಬುದು ಮುಖ್ಯ. ಜಾಹೀರಾತಿಲ್ಲದ ಸರಳ ಆ್ಯಪ್‌ಗಳೆಂದು ಹೆಸರಾಗಿದ್ದ ‘ಸಿಂಪಲ್ ಮೊಬೈಲ್ ಟೂಲ್ಸ್’ ಸರಣಿಯನ್ನು ಅದರ ಸ್ಲೊವಾಕಿಯಾದ ಡೆವಲಪರ್ 2023ರ ಕೊನೆಗೆ ಒಂದು ಕಂಪನಿಗೆ ಮಾರಿದಾಗ ನಂಬಿದ್ದ ಬಳಕೆದಾರರು ಕೆರಳಿದರು. ಕೋಡ್ ಎಲ್ಲರಿಗೂ ತೆರೆದಿದ್ದರಿಂದ ಉಳಿದವರು ಅದನ್ನೇ ಕವಲೊಡೆಸಿ ‘ಫಾಸಿಫೈ’ ಎಂದು ನಡೆಸಿದ್ದಾರೆ. ಅಂಥ ಮುಕ್ತ ತಂತ್ರಾಂಶ ಬರೆಯುವವರಿಗೆ ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರಿನ ನಿಧಿ ಇಟ್ಟಿದೆ. ಹೊಟ್ಟೆ ತುಂಬ ಊಟವಲ್ಲ, ಆದರೂ ಇದ್ದದ್ದು ಒಳ್ಳೆಯದು.

ಈಗ ಎಐ ಬಂದಿದೆ. ಬೇಕಾದ್ದನ್ನು ಮಾತಿನಲ್ಲಿ ಹೇಳಿ ಕೋಡ್ ಬರೆಸಿಕೊಳ್ಳುವುದಕ್ಕೆ 2025ರ ಫೆಬ್ರುವರಿಯಲ್ಲಿ ಎಐ ತಜ್ಞ ಆಂಡ್ರೆ ಕಾರ್ಪಥಿ ‘ವೈಬ್ ಕೋಡಿಂಗ್’ ಎಂದು ಹೆಸರಿಟ್ಟರು. ಮೂರು ತಿಂಗಳ ಕೆಲಸ ವಾರಾಂತ್ಯಕ್ಕೆ ಮುಗಿಯಬಹುದು. ಒಬ್ಬರೇ ದುಡಿಯುವವರಿಗೆ ಇದು ವರ. ಒಬ್ಬರೇ ದುಡಿಯುವ ಉಳಿದೆಲ್ಲರಿಗೂ ಅದೇ ವರ ಸಿಕ್ಕಿದೆ ಎಂಬುದೇ ತೊಡಕು. ನಕಲು ಮೊದಲೇ ಸುಲಭವಿತ್ತು. 2014ರಲ್ಲಿ ಹದಿನಾಲ್ಕು ತಿಂಗಳು ತಿದ್ದಿ ತೀಡಿ ಬಿಟ್ಟ ‘ಥ್ರೀಸ್’ ಎಂಬ ಆಟವನ್ನು, ಒಂದು ವಾರಾಂತ್ಯದಲ್ಲಿ ಬರೆದ ‘2048’ ಕೆಲವೇ ವಾರಗಳಲ್ಲಿ ಮರೆಸಿಬಿಟ್ಟಿತು. ಬರೆಯುವುದು ಅಗ್ಗವಾದಷ್ಟೂ ಬೆಲೆ ಬರುವುದು ಬೇರೆ ಕೆಲಸಗಳಿಗೆ. ಬೆಳಗಾವಿಯಿಂದ ಬಂದ ‘ನನ್ನ ಫೋನಿನಲ್ಲಿ ಅಕ್ಷರ ಒಡೆದು ಕಾಣ್ತಿದೆ’ ಎಂಬ ಮೇಲ್‌ಗೆ ಅವತ್ತೇ ಉತ್ತರ ಬರೆಯುವುದು. ‘ತುಂಬಾ ಚೆನ್ನಾಗಿದೆ’ ಎಂದು ಹೊಗಳಿ ಐದರಲ್ಲಿ ಒಂದೇ ನಕ್ಷತ್ರ ಕೊಟ್ಟವರಿಗೆ ನಯವಾಗಿ, ಸ್ವಾಮಿ, ನಕ್ಷತ್ರ ಎಡಗಡೆಯಿಂದ ಎಣಿಸಬೇಕು ಎಂದು ತಿಳಿಸುವುದು. ಆಗಸ್ಟ್ ಗಡುವಿಗೆ ಮುಂಚೆ ತಿದ್ದುವುದು.

ಥಾಮ್ಸನ್ ಈ ಕೆಲಸವನ್ನು ಮೂವತ್ತಕ್ಕೂ ಹೆಚ್ಚು ವರ್ಷದಿಂದ ಮಾಡುತ್ತಿದ್ದಾರೆ. 2014ರಲ್ಲಿ ಐಫೋನಿನ ನೋಟಿಫಿಕೇಶನ್ ಪರದೆಯಲ್ಲೇ ಲೆಕ್ಕ ಮಾಡುವ ಸವಲತ್ತನ್ನು ಪಿಕ್ಯಾಲ್ಕ್‌ಗೆ ಸೇರಿಸಿದಾಗ ಆ್ಯಪಲ್ ಮೊದಲು ಒಪ್ಪಿ, ಆಮೇಲೆ ತೆಗೆಯಿರಿ ಎಂದು, ಗಲಾಟೆಯಾದ ಮೇಲೆ ಇರಲಿ ಎಂದಿತು. ಐಪ್ಯಾಡ್ 2010ರಲ್ಲಿ ಬಂದಾಗ ಅದರಲ್ಲಿ ಕ್ಯಾಲ್ಕುಲೇಟರೇ ಇರಲಿಲ್ಲ. ಹದಿನಾಲ್ಕು ವರ್ಷ ಆ್ಯಪಲ್ ಅದನ್ನು ಕೊಡಲಿಲ್ಲ, ಬೇಕಾದವರು ಪಿಕ್ಯಾಲ್ಕ್‌ನಂಥದನ್ನು ಹುಡುಕಿಕೊಂಡರು. 2024ರ ಜೂನ್ 10ರಂದು ಆ್ಯಪಲ್ ಕಡೆಗೂ ಐಪ್ಯಾಡಿಗೆ ತನ್ನದೇ ಕ್ಯಾಲ್ಕುಲೇಟರ್ ತೋರಿಸಿತು. ಬರೆದ ಲೆಕ್ಕಕ್ಕೆ ಅದೇ ಕೈಬರಹದಲ್ಲಿ ಉತ್ತರ ಮೂಡಿಸುವ ಚಮತ್ಕಾರದೊಂದಿಗೆ, ಪುಕ್ಕಟೆ. ಪಿಕ್ಯಾಲ್ಕ್ ಅದಾದ ಮೇಲೂ ಮಾರಾಟದಲ್ಲಿದೆ, ಬೆಲೆ ಸುಮಾರು ಹತ್ತು ಡಾಲರ್. ಅದರಲ್ಲಿ ‘ಅಬೌಟ್’ ಎಂಬ ಪುಟವೊಂದಿದೆ. ಬೇರೆ ಆ್ಯಪ್‌ಗಳಲ್ಲಿ ಯಾರೂ ತೆರೆದು ನೋಡದ, ಆವೃತ್ತಿ ಸಂಖ್ಯೆ ಬರೆದಿಡುವ ಜಾಗ. ಥಾಮ್ಸನ್ ಅಲ್ಲಿ ಮೂರು ಆಯಾಮದ ಒಂದು ಆಟದ ಅಂಗಳ ಕಟ್ಟಿ, ಉರುಳಾಡುವ ಬಾಳೆಹಣ್ಣುಗಳನ್ನು ಬಿಟ್ಟಿದ್ದಾರೆ. ಕ್ಯಾಲ್ಕುಲೇಟರಿಗೂ ಬಾಳೆಹಣ್ಣಿಗೂ ಏನು ಸಂಬಂಧ ಎಂದು ಕೇಳಲು ಅವರ ಮೇಲೆ ಮ್ಯಾನೇಜರ್ ಯಾರೂ ಇಲ್ಲ.